ಹೊಲದ ಉಯಿಲಿನ ಜೊತೆಗೆ ಇನ್ನೊಂದು ಉಯಿಲು

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಂಥ ಊರಿನಲ್ಲಿ ಉಯಿಲು ಅಂದರೆ ಹೊಲ, ಮನೆ, ಬೋರ್‌ವೆಲ್‌ಗಳ ಮಾತು. ಯಾವ ಮಗನಿಗೆ ಯಾವ ಸರ್ವೆ ನಂಬರು ಎಂದು ಬರೆಸಿಡುವ ಹಿರಿಯರಿದ್ದಾರೆ. ಆದರೆ ತಾವು ಎಚ್ಚರ ತಪ್ಪಿ, ಗುಣವಾಗುವ ಆಸೆ ಇಲ್ಲದೆ ಮಲಗಿದಾಗ ವೆಂಟಿಲೇಟರ್ ಹಾಕಬೇಕೋ ಬೇಡವೋ ಎಂದು ಬರೆಸಿಟ್ಟವರು ಅಪರೂಪ. ಆ ಹೊರೆ ಐಸಿಯು ಬಾಗಿಲಲ್ಲಿ ನಿಂತ ಮಕ್ಕಳ ತಲೆಗೆ ಬೀಳುತ್ತದೆ. ‘ಬೇಡ’ ಅಂದ ಮಗ ಅಪ್ಪನನ್ನು ಕೈಬಿಟ್ಟ ಎಂಬ ಮಾತು ಕೇಳಬೇಕು.

ದೇಶ ಈ ಪ್ರಶ್ನೆಯನ್ನು ಗಂಭೀರವಾಗಿ ಎದುರಿಸಿದ್ದು ನಮ್ಮ ನಾಡಿನ ಹೆಣ್ಣುಮಗಳೊಬ್ಬಳಿಂದ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್‌ನಲ್ಲಿ ನಡೆದ ಕ್ರೂರ ದಾಳಿಯಲ್ಲಿ ಅವರ ಮೆದುಳಿಗೆ ಪೆಟ್ಟಾಯಿತು. 2015ರಲ್ಲಿ ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅಲ್ಲಿನ ನರ್ಸ್‌ಗಳು ಮನೆಮಗಳಂತೆ ನೋಡಿಕೊಂಡರು. ಆದರೆ ಅರುಣಾಗೆ ಏನು ಬೇಕಿತ್ತು? ಅದನ್ನು ಹೇಳುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ, ಮೊದಲೇ ಬರೆದಿಡುವ ದಾರಿಯೂ ಆಗ ಇರಲಿಲ್ಲ.

ಆ ದಾರಿ ತೆರೆದದ್ದು 2018ರ ಮಾರ್ಚ್ 9ರಂದು, ಕಾಮನ್ ಕಾಸ್ ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ. ಇಂಥ ಚಿಕಿತ್ಸೆಯ ಉಯಿಲಿಗೆ ಮೊದಲಿಗೆ ಮ್ಯಾಜಿಸ್ಟ್ರೇಟರ ಸಹಿಯೂ ಬೇಕಿತ್ತು. 2023ರ ಜನವರಿಯಲ್ಲಿ ನಿಯಮ ಸಡಿಲವಾಯಿತು. 2025ರ ಜನವರಿ ಕೊನೆಗೆ ಕರ್ನಾಟಕದ ಆರೋಗ್ಯ ಇಲಾಖೆ ಅದರ ಜಾರಿಗೆ ಆದೇಶ ಹೊರಡಿಸಿತು. ಘನತೆಯ ಸಾವಿನ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಹೆಸರು ಆಗ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂತು.

ಈಗ 18 ವರ್ಷ ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರು ಬೇಕಾದರೂ ಈ ಉಯಿಲು ಮಾಡಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಎಂಥ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ, ತನ್ನ ಪರವಾಗಿ ಮಾತಾಡುವವರು ಯಾರು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಒಂದು ಪ್ರತಿ ಸ್ಥಳೀಯ ಆಡಳಿತಕ್ಕೆ, ಅಂದರೆ ಹಳ್ಳಿಯವರಿಗೆ ತಮ್ಮ ಪಂಚಾಯಿತಿಗೇ, ಸೇರಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರಹದಲ್ಲೇ ರದ್ದು ಮಾಡಬಹುದು.

ಇದು ವಿಷದ ಸೂಜಿ ಕೇಳುವ ಕಾಗದವಲ್ಲ; ಅದಕ್ಕೆ ನಮ್ಮ ಕಾನೂನಿನಲ್ಲಿ ಅವಕಾಶವೇ ಇಲ್ಲ. ನೋವು ಕಡಿಮೆ ಮಾಡುವ ಔಷಧಿ, ಆರೈಕೆಗಳೂ ನಿಲ್ಲುವುದಿಲ್ಲ. ‘ಆಸ್ತಿಗಾಗಿ ಮಕ್ಕಳೇ ಮುಗಿಸಿಬಿಟ್ಟರೆ?’ ಎಂಬ ಅಂಜಿಕೆ ಸಹಜವೇ. ಆದ್ದರಿಂದಲೇ ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ ಪರಿಶೀಲಿಸಿದ ಮೇಲೆ, ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ವೈದ್ಯರೊಬ್ಬರಿರುವ ಎರಡನೇ ಮಂಡಳಿಯೂ ಒಪ್ಪಬೇಕು. ಚಿಕಿತ್ಸೆ ನಿಲ್ಲಿಸುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಉಯಿಲು ಇಲ್ಲದಿದ್ದರೂ ಮನೆಯವರ ಒಪ್ಪಿಗೆಯೊಂದಿಗೆ ಎರಡು ಮಂಡಳಿಗಳ ಪರಿಶೀಲನೆ ನಡೆಯುತ್ತದೆ. ಆಗ ರೋಗಿಯ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಮಕ್ಕಳು ಊಹಿಸಬೇಕಾಗುತ್ತದೆ.

ಬರೆದದ್ದನ್ನು ಟ್ರಂಕಿನಲ್ಲಿ ಬಚ್ಚಿಡುವುದು ಮಾತ್ರ ಬೇಡ. ಚಿತ್ರದುರ್ಗಕ್ಕೋ ದಾವಣಗೆರೆಗೋ ಆಂಬುಲೆನ್ಸ್ ಹೊರಟ ರಾತ್ರಿ ಅದರ ಪ್ರತಿ ಜೊತೆಗೆ ಹೋಗುವ ಮಗಳ ಕೈಚೀಲದಲ್ಲಿ ಇರಬೇಕು.