ಜಾತ್ರೆಯ ಮಿಠಾಯಿಯಲ್ಲಿ ಬಟ್ಟೆಯ ಬಣ್ಣ

ಜಾತ್ರೆಗೆ ಹೋದ ಮಗು ಮೊದಲು ಕೈ ಚಾಚುವುದು ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿಗೆ. ನಾವೂ ಪ್ರೀತಿಯಿಂದಲೇ ಕೊಡಿಸುತ್ತೇವೆ. ಬಿಳಿಯ ಸಕ್ಕರೆಗೆ ಆ ಬಣ್ಣ ಎಲ್ಲಿಂದ ಬಂದಿತೆಂದು ಮಾತ್ರ ಕೇಳುವುದಿಲ್ಲ.

ಇದಕ್ಕೆ ಉತ್ತರ 2024ರ ಮಾರ್ಚ್‌ನಲ್ಲಿ ದೊರೆಯಿತು. ಕರ್ನಾಟಕದ ಆರೋಗ್ಯ ಇಲಾಖೆಯು ಪರೀಕ್ಷಿಸಿದ ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15, ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಕೃತಕ ಬಣ್ಣಗಳಿಂದಾಗಿ ಅಸುರಕ್ಷಿತವೆಂದು ತಿಳಿದುಬಂದವು. ಮಿಠಾಯಿಯಲ್ಲಿದ್ದುದು ರೋಡಮೈನ್-ಬಿ. ಅದು ಬಟ್ಟೆ, ಕಾಗದಗಳಿಗೆ ಹಾಕುವ ಬಣ್ಣ. ಆಹಾರದಲ್ಲಿ ಅದಕ್ಕೆ ಅನುಮತಿಯೇ ಇಲ್ಲ. ಅಗ್ಗವಾಗಿ ಸಿಗುತ್ತದೆ, ಚಿಟಿಕೆಯಷ್ಟರಲ್ಲೇ ಹೊಳಪು ಕೊಡುತ್ತದೆ. ಲೋಭಕ್ಕೆ ಅಷ್ಟೇ ಸಾಕು. ಇಂತಹ ಬಣ್ಣದ ಸತತ ಸೇವನೆಯು ಕ್ಯಾನ್ಸರಿಗೂ ಕಾರಣವಾಗಬಹುದೆಂದು ತಜ್ಞರು ಎಚ್ಚರಿಸುತ್ತಾರೆ.

ಸರ್ಕಾರವು ಇವುಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ತಪ್ಪಿತಸ್ಥರಿಗೆ ಸೆರೆವಾಸ, ದಂಡ ವಿಧಿಸಬಹುದು. 2006ರ ಆಹಾರ ಸುರಕ್ಷತಾ ಕಾಯಿದೆಯಂತೆ, ಕೊಂಡ ಪದಾರ್ಥವನ್ನು ಶುಲ್ಕ ತೆತ್ತು ಪರೀಕ್ಷೆಗೆ ಒಪ್ಪಿಸುವ ಹಕ್ಕು ಗ್ರಾಹಕರಾದ ನಮಗೂ ಉಂಟು. ಅನುಮಾನ ಬಂದಲ್ಲಿ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ನೀಡಬಹುದು.

ಆದರೆ ಪ್ರತಿ ಅಂಗಡಿಯ ಮುಂದೆ ಅಧಿಕಾರಿ ನಿಂತಿರಲಾರರು. ಉಣಬಡಿಸಿ ಬದುಕುವುದು ಪವಿತ್ರ ಕಾಯಕ. ವಿಷ ಬೆರೆಸಿದೊಡನೆ ಅದು ಕಳವಾಗುತ್ತದೆ, ಮಗುವಿನ ಆಯುಷ್ಯದ ಕಳವು. ಮಾರುವವರ ತಪ್ಪು ದೊಡ್ಡದು, ನಿಜ. ಆದರೆ ಕೆಂಪಗಿರುವುದನ್ನೇ ಆರಿಸಿಕೊಳ್ಳುವ ನಮ್ಮ ಕಣ್ಣು ಆ ತಪ್ಪನ್ನು ಪೋಷಿಸುತ್ತಿದೆ. ಬರುವ ಜಾತ್ರೆಯಲ್ಲಿ ಬಿಳಿಯ ಮಿಠಾಯಿಯನ್ನೇ ಕೇಳೋಣ. ಬಣ್ಣದ್ದನ್ನು ಕೊಳ್ಳುವವರಿಲ್ಲವಾದರೆ ಬಣ್ಣ ಹಾಕುವವರೂ ಇರುವುದಿಲ್ಲ.