ಚುನಾವಣೆಯೇ ನಡೆಯದಿದ್ದರೆ ಮೀಸಲಾತಿ ಯಾರಿಗೆ?

ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನ ಮೀಸಲಿಡುವ ಸಂವಿಧಾನದ 106ನೇ ತಿದ್ದುಪಡಿಗೆ 2023ರಲ್ಲಿ ಒಪ್ಪಿಗೆ ದೊರೆತಾಗ ಸಂಭ್ರಮಿಸದವರಿಲ್ಲ. ಜನಗಣತಿ ಹಾಗೂ ಕ್ಷೇತ್ರ ಮರುವಿಂಗಡಣೆಯ ಬಳಿಕವೇ ಜಾರಿ ಎಂಬ ಷರತ್ತಿನ ಬಗ್ಗೆಯೂ ಸಾಕಷ್ಟು ಚರ್ಚೆಯಾಯಿತು. ಅದೇ ದಿನಗಳಲ್ಲಿ ಕರ್ನಾಟಕದ ಮಹಿಳೆಯರಿಗೆ ಈಗಾಗಲೇ ದಕ್ಕಿದ್ದ ಸಾವಿರಾರು ಸ್ಥಾನಗಳು ಬರಿದಾಗಿದ್ದವು ಎಂಬುದು ಮಾತ್ರ ಯಾರ ಗಮನಕ್ಕೂ ಬಂದಂತಿಲ್ಲ.

ಈ ವಿಷಯದಲ್ಲಿ ನಮ್ಮ ರಾಜ್ಯ ದೇಶಕ್ಕೇ ದಾರಿ ತೋರಿಸಿತ್ತು. ಅಬ್ದುಲ್ ನಜೀರ್ ಸಾಬ್ ಅವರ ಕಾಲದ ಪಂಚಾಯತ್ ವ್ಯವಸ್ಥೆಯಡಿ 1987ರ ಚುನಾವಣೆಯಲ್ಲಿಯೇ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಾಗಿತ್ತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಆ ವರ್ಷದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮೂರನೇ ಒಂದರಷ್ಟು ಮೀಸಲಿದ್ದರೂ ಆಯ್ಕೆಯಾದ ಮಹಿಳೆಯರ ಪ್ರಮಾಣ ಶೇ 40ನ್ನು ಮೀರಿತು. 2010ರಲ್ಲಿ ಮೀಸಲಾತಿ ಶೇ 50ಕ್ಕೇರಿತು. ಮೀಸಲಾತಿಯಿಲ್ಲದ ವಿಧಾನಸಭೆಗೆ 2023ರಲ್ಲಿ ಆಯ್ಕೆಯಾದ ಮಹಿಳೆಯರು 224ರಲ್ಲಿ ಹತ್ತೇ ಮಂದಿ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಹಾಗಿದ್ದೂ ಅದೇ ವರ್ಷದ ಕಾಯ್ದೆ ತಿದ್ದುಪಡಿಯು ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಒಪ್ಪಿಸಿತು. ಬಳಿಕ ಹಿಂದುಳಿದ ವರ್ಗಗಳ ಮೀಸಲಾತಿಯ ತೊಡಕು, ನ್ಯಾಯಾಲಯದ ವ್ಯಾಜ್ಯ, ವಾಯಿದೆಯ ಮೇಲೆ ವಾಯಿದೆ. ಸರ್ಕಾರ ನಡೆಸುವ ಪಕ್ಷ ಬದಲಾದರೂ ಧೋರಣೆ ಬದಲಾಗಲಿಲ್ಲ. ಬೆಂಗಳೂರಿನ ಕಥೆಯೂ ಇದೇ: ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದದ್ದು, 2025ರಲ್ಲಿ ಪಾಲಿಕೆ ಐದು ಭಾಗವಾಗುವವರೆಗೂ ಚುನಾವಣೆ ಕಾಣಲಿಲ್ಲ. ಆಡಳಿತಾಧಿಕಾರಿಗಳ ಕೈಗೆ ಕಡತ ಹೋದರೆ ಕೆಲಸ ಬೇಗ ಆಗುತ್ತದೆಂದು ನಂಬುವವರು ನಗರಗಳಲ್ಲಿ ಇದ್ದಾರೆ. ಜೀವಮಾನವಿಡೀ ಕಡತ ನೋಡಿದ ನನಗೆ ಆ ನಂಬಿಕೆ ಇಲ್ಲ.

ಇದು ದುಡಿಮೆಯ ಪ್ರಶ್ನೆಯೂ ಹೌದು. ಕೇಂದ್ರದ ಕಾರ್ಮಿಕ ಸಮೀಕ್ಷೆಯ ಪ್ರಕಾರ ದುಡಿಮೆಯಲ್ಲಿ ಹದಿನೈದು ವರ್ಷ ಮೀರಿದ ಮಹಿಳೆಯರ ಪಾಲು 2017-18ರಲ್ಲಿ ಶೇ 23.3 ಇದ್ದದ್ದು 2023-24ರಲ್ಲಿ ಶೇ 41.7ಕ್ಕೆ ಏರಿದೆ. ಈ ಏರಿಕೆಯ ಬಹುಪಾಲು ಗ್ರಾಮಗಳಲ್ಲಿನ ಸ್ವಂತ ದುಡಿಮೆ ಮತ್ತು ಸಂಬಳವಿಲ್ಲದ ಮನೆಗೆಲಸದಂತಹ ಕೃಷಿ ಸಹಾಯದಿಂದ ಬಂದದ್ದು. ಕೂಲಿಯ ಕೆಲಸಕ್ಕೆ ಹೊರಡಬೇಕಾದ ಹೆಂಗಸನ್ನು ತಡೆಯುವುದು ನಲ್ಲಿಗೆ ಬಾರದ ನೀರು, ಕೂಸನ್ನು ಬಿಡಲು ಜಾಗವಿಲ್ಲದ ಊರು, ದೀಪವಿಲ್ಲದ ರಸ್ತೆ. ಇವೆಲ್ಲ ತೀರ್ಮಾನವಾಗುವುದು ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿಯೇ.

ಕ್ಷೇತ್ರ ವಿಂಗಡಣೆಯನ್ನು ರಾಜ್ಯ ಚುನಾವಣಾ ಆಯೋಗಕ್ಕೇ ಮರಳಿ ವಹಿಸಿ, ಸದಸ್ಯರ ಅವಧಿ ಮುಗಿಯುವ ಆರು ತಿಂಗಳ ಮೊದಲೇ ಮೀಸಲಾತಿ ಪಟ್ಟಿ ಪ್ರಕಟವಾಗಬೇಕೆಂದು ಕಾಯ್ದೆಯಲ್ಲಿಯೇ ಬರೆಯಬಹುದು. ಇದಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ, ಜನಗಣತಿಗೆ ಕಾಯಬೇಕಾದ್ದೂ ಇಲ್ಲ.