ಹಾಂಗ್‌ಕಾಂಗಿನ ಪ್ರಜೆಗಳು ಬೀದಿಗಿಳಿದುದೇಕೆ?

ಪರದೇಶವೊಂದರಲ್ಲಿ ಪ್ರಜೆಗಳು ಸರ್ಕಾರದ ವಿರುದ್ಧ ಬೀದಿಗಿಳಿದರೆಂಬ ವಾರ್ತೆಯನ್ನು ಕೇಳಿದೊಡನೆ ನಮಗೆ ತೋರುವ ಕಾರಣಗಳು ಸಾಮಾನ್ಯವಾಗಿ ಎರಡು: ಹಸಿವು, ಇಲ್ಲವೆ ಆಳುವವರ ಕ್ರೌರ್ಯ. ಹಾಂಗ್‌ಕಾಂಗಿನ ವಿಚಾರದಲ್ಲಿ ಈ ಎರಡು ಉತ್ತರಗಳೂ ಸಾಲವು. ಸುಮಾರು 75 ಲಕ್ಷ ಜನರಿರುವ ಆ ರೇವುಪಟ್ಟಣವು ಏಷ್ಯಾಖಂಡದ ಸಿರಿವಂತ ನಗರಗಳಲ್ಲೊಂದು. ಮನೆಗಳು ವಿಪರೀತ ದುಬಾರಿಯೆಂಬ ದೂರು ಅಲ್ಲಿ ಉಂಟು. ಆದರೆ 2019ನೆಯ ಇಸವಿ ಜೂನ್ 9ರಂದು ಹೊರಟ ಮೆರವಣಿಗೆಯು ಮನೆಗಾಗಿ ಹೊರಟುದಲ್ಲ, ಒಂದು ಮಸೂದೆಯ ವಿರುದ್ಧ ಹೊರಟುದು. ಅದರಲ್ಲಿ 10 ಲಕ್ಷಕ್ಕೂ ಹೆಚ್ಚು ಜನರಿದ್ದರೆಂದು ಏರ್ಪಡಿಸಿದವರು ಹೇಳಿದರು. 2,40,000 ಎಂದು ಪೊಲೀಸಿನವರು ಹೇಳಿದರು. ಕಡಮೆಯ ಲೆಕ್ಕವನ್ನೇ ಹಿಡಿದರೂ ಊರಿನ 30 ಮಂದಿಯಲ್ಲಿ ಒಬ್ಬರು ಅಂದು ಬೀದಿಯಲ್ಲಿದ್ದಂತಾಯಿತು.

ಇದನ್ನು ತಿಳಿಯಬೇಕಾದರೆ ಆ ಊರಿನವರ ಸ್ವಾತಂತ್ರ್ಯವು ಎಂತಹುದಾಗಿತ್ತೆಂಬುದನ್ನು ಮೊದಲು ನೋಡಬೇಕು. ಅಫೀಮು ಯುದ್ಧದಲ್ಲಿ ಸೋತ ಚೀನವು 1842ರಲ್ಲಿ ಹಾಂಗ್‌ಕಾಂಗ್ ದ್ವೀಪವನ್ನು ಇಂಗ್ಲೆಂಡಿಗೆ ಬಿಟ್ಟುಕೊಟ್ಟಿತು. 1898ರಲ್ಲಿ ಅದರ ಹಿಂದಣ ವಿಸ್ತಾರವಾದ ಪ್ರದೇಶವನ್ನು 99 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಗುತ್ತಿಗೆಯ ಅವಧಿ ತೀರುವ ಕಾಲ ಸಮೀಪಿಸಿದಾಗ, 1984ರಲ್ಲಿ, ಎರಡು ಸರ್ಕಾರಗಳೂ ಒಂದು ಒಪ್ಪಂದಕ್ಕೆ ಬಂದುವು. ಅದರಂತೆ 1997ನೆಯ ಇಸವಿ ಜುಲೈ 1ರಂದು ನಗರವೆಲ್ಲವೂ ಚೀನಕ್ಕೆ ಸೇರಿತು. ಆದರೆ ಅಲ್ಲಿನ ಕಾಯಿದೆ, ನ್ಯಾಯಸ್ಥಾನ, ಪತ್ರಿಕೆ, ಸಭೆ ಸೇರುವ ಹಕ್ಕು, ಒಟ್ಟಿನಲ್ಲಿ ಅಲ್ಲಿನ ಬಾಳಿನ ರೀತಿ, 50 ವರ್ಷ ಹಾಗೆಯೇ ಇರತಕ್ಕದ್ದೆಂದು ಗೊತ್ತಾಯಿತು. ‘ಒಂದು ದೇಶ, ಎರಡು ವ್ಯವಸ್ಥೆ’ ಎಂಬ ಮಾತು ಇದನ್ನೇ ಹೇಳುತ್ತದೆ. ಎಂದಮೇಲೆ ಆ ಸ್ವಾತಂತ್ರ್ಯವು ಕಾಗದದ ಮೇಲೆ ಬರೆದುಕೊಟ್ಟ ವಾಗ್ದಾನ; ಅದಕ್ಕೆ ವಾಯಿದೆಯೂ ಉಂಟು.

ಈ ವಾಗ್ದಾನದಲ್ಲಿ ಒಂದು ಕೊರತೆಯಿತ್ತು. ಜನರಿಗೆ ಹಕ್ಕುಗಳಿದ್ದುವು, ಅಧಿಕಾರವಿರಲಿಲ್ಲ. ಇಂಗ್ಲಿಷರು ಈ ವಿಷಯದಲ್ಲಿ ಹೆಮ್ಮೆಪಡುವಂತಿಲ್ಲ. ಅವರ ಕಾಲದಲ್ಲಿ ಗವರ್ನರು ಲಂಡನ್ನಿನಿಂದ ನೇಮಕವಾಗಿ ಬರುತ್ತಿದ್ದರು. ಶಾಸನಸಭೆಯ ಕೆಲವು ಸ್ಥಾನಗಳಿಗೆ ಜನರು ನೇರವಾಗಿ ಮತ ಕೊಟ್ಟುದು 1991ರಲ್ಲಿ, ಗಂಟುಮೂಟೆ ಕಟ್ಟುವ ಕಾಲಕ್ಕೆ. 1997ರ ತರುವಾಯವೂ ಮುಖ್ಯಾಧಿಕಾರಿಯನ್ನು ಆರಿಸುವುದು ಒಂದು ಸಮಿತಿಯ ಕೆಲಸವಾಯಿತು. 2017ರಲ್ಲಿ ಆ ಸಮಿತಿಯ ಸುಮಾರು 1,200 ಸದಸ್ಯರಲ್ಲಿ 777 ಮಂದಿಯ ಮತದಿಂದ ಕ್ಯಾರಿ ಲ್ಯಾಮ್ ಎಂಬವರು ಆ ಪದವಿಗೆ ಬಂದರು. ಪತ್ರಿಕೆಯಲ್ಲಿ ಸರ್ಕಾರವನ್ನು ಹಳಿಯಬಹುದಾಗಿತ್ತು, ನ್ಯಾಯಸ್ಥಾನದಲ್ಲಿ ಅದರ ಮೇಲೆ ದಾವೆ ಹೂಡಬಹುದಾಗಿತ್ತು, ಅದನ್ನು ಪದವಿಯಿಂದ ಇಳಿಸುವಂತಿರಲಿಲ್ಲ. ಮನೆಯಲ್ಲಿ ಸುಖವಾಗಿ ವಾಸಿಸಬಹುದು, ಬೀಗದ ಕೈ ಮಾತ್ರ ಬೇರೆಯವರಲ್ಲಿ. ಜವಾಬ್ದಾರಿ ಸರ್ಕಾರಕ್ಕಾಗಿ 1947ರಲ್ಲಿ ಚಳವಳಿ ನಡೆದ ಮೈಸೂರಿನ ಶ್ರೋತೃಗಳಿಗೆ ಈ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮತದ ಬಲವಿರುವ ದೇಶದವನು ಕೆಟ್ಟ ಕಾಯಿದೆಯನ್ನು ಕಂಡರೆ ಮುಂದಿನ ಚುನಾವಣೆಯವರೆಗೆ ಕಾಯಬಹುದು. ಹಾಂಗ್‌ಕಾಂಗಿನವನಿಗೆ ಅಂತಹ ದಿನ ಬರುವುದೇ ಇಲ್ಲ; ಅವನ ಮತಪೆಟ್ಟಿಗೆ ಬೀದಿಯೇ. 2003ರಲ್ಲಿ ರಾಜ್ಯಭದ್ರತೆಯ ಮಸೂದೆಯೊಂದು ಬಂದಾಗ ದೊಡ್ಡ ಮೆರವಣಿಗೆ ನಡೆದು ಅದು ಹಿಂದೆ ಸರಿಯಿತು. 2014ರಲ್ಲಿ ನಿಜವಾದ ಚುನಾವಣೆ ಬೇಕೆಂದು 79 ದಿನ ರಸ್ತೆಗಳಲ್ಲಿ ಕುಳಿತರು. ಅಶ್ರುವಾಯುವಿಗೆ ಕೊಡೆಗಳನ್ನು ಅಡ್ಡ ಹಿಡಿದರು. ಆ ಸಲ ಕೈಗೆ ಏನೂ ದಕ್ಕಲಿಲ್ಲ.

ಇನ್ನು 2019ರ ಮಸೂದೆ. ಹಾಂಗ್‌ಕಾಂಗಿನ ಯುವಕನೊಬ್ಬನ ಮೇಲೆ ತೈವಾನಿನಲ್ಲಿ ಕೊಲೆಯ ಆರೋಪ ಬಂದಿತ್ತು. ಅವನು ಊರಿಗೆ ಹಿಂದಿರುಗಿದ್ದನು. ಅವನನ್ನು ಒಪ್ಪಿಸಲು ಕಾಯಿದೆಯಿರಲಿಲ್ಲ. ಈ ಕೊರತೆಯನ್ನು ತುಂಬುತ್ತೇವೆಂದು ಸರ್ಕಾರ ಹೇಳಿತು. ಹೇಳಿದುದು ಅಸಂಗತವೇನಲ್ಲ. ಆದರೆ ತಂದ ಮಸೂದೆಯ ಪ್ರಕಾರ ಆರೋಪಿಗಳನ್ನು ತೈವಾನಿಗೆ ಮಾತ್ರವಲ್ಲ, ಚೀನದ ಮುಖ್ಯಭೂಮಿಗೂ ಒಪ್ಪಿಸಬಹುದಾಗಿತ್ತು. ಅಲ್ಲಿನ ನ್ಯಾಯಸ್ಥಾನಗಳು ಆಳುವ ಪಕ್ಷಕ್ಕೆ ಅಧೀನವಾದುವು. ಎರಡು ವ್ಯವಸ್ಥೆಗಳ ನಡುವೆ ಇದ್ದ ಗೋಡೆಯಲ್ಲಿ ಬಾಗಿಲು ತೆಗೆದಂತಾಯಿತು. ಇದನ್ನು ಮೊದಲು ಕಂಡವರಲ್ಲಿ ವಕೀಲರೂ ವರ್ತಕರೂ ಇದ್ದರೆಂಬುದು ಗಮನಿಸತಕ್ಕ ವಿಷಯ. ಜೂನ್ 6ರಂದು ವಕೀಲರು ಕಪ್ಪು ಉಡುಪು ಧರಿಸಿ, ಘೋಷಣೆಯಿಲ್ಲದೆ, ಮೌನವಾಗಿ ನಡೆದುಹೋದರು. ಕಾಯಿದೆಯಿಂದಲೇ ಜೀವಿಸುವವರು ಕಾಯಿದೆಯೊಂದಕ್ಕೆ ಅಂಜಿದ ಆ ನೋಟವು, ನಮ್ಮ ಮಟ್ಟಿಗೆ, ಮರುವಾರದ ಲಕ್ಷಗಳ ಲೆಕ್ಕಕ್ಕಿಂತ ಹೆಚ್ಚನ್ನು ತಿಳಿಸುತ್ತದೆ.

ಮುಂದೆ ನಡೆದುದೆಲ್ಲವೂ ಪ್ರಶಂಸೆಗೆ ಯೋಗ್ಯವೆಂದು ನಾವು ಹೇಳಲಾರೆವು. ಜುಲೈ 1ರಂದು ಕೆಲವರು ಶಾಸನಸಭೆಯ ಕಟ್ಟಡಕ್ಕೆ ನುಗ್ಗಿ ಹಾಳುಗೆಡವಿದರು. ತಿಂಗಳುಗಳು ಕಳೆದಂತೆ ಒಂದು ಕಡೆಯಿಂದ ಪೆಟ್ರೋಲು ಸೀಸೆಗಳೂ ಇನ್ನೊಂದು ಕಡೆಯಿಂದ ಲಾಠಿ, ಗುಂಡುಗಳೂ ಬಂದುವು. ಮಸೂದೆಯನ್ನು ಹಿಂತೆಗೆದುಕೊಳ್ಳುವುದಾಗಿ ಸರ್ಕಾರವು ಪ್ರಕಟಿಸಿದುದು ಸೆಪ್ಟೆಂಬರ್ 4ರಂದು. ಜೂನಿನಲ್ಲಿಯೇ ಹಾಗೆ ಮಾಡಿದ್ದರೆ ಎಷ್ಟೋ ಅನರ್ಥ ತಪ್ಪುತ್ತಿತ್ತೆಂದು ನಮಗೆ ತೋರುತ್ತದೆ. ನವೆಂಬರ್ 24ರಂದು ಜಿಲ್ಲಾ ಸಭೆಗಳ ಚುನಾವಣೆ ನಡೆಯಿತು. ಚರಂಡಿ, ಬಸ್ ನಿಲ್ದಾಣಗಳ ಮಾತಾಡುವ ಸಭೆಗಳು ಅವು. ಆದರೂ ಶೇಕಡಾ 71 ಮಂದಿ ಮತದಾರರು ಸಾಲುಗಟ್ಟಿ ನಿಂತರು. 18 ಸಭೆಗಳಲ್ಲಿ 17 ಪ್ರಜಾಪ್ರಭುತ್ವದ ಪಕ್ಷದವರ ಕೈಸೇರಿದುವು.

2020ನೆಯ ಇಸವಿ ಜೂನ್ 30ರಂದು ರಾಜ್ಯಭದ್ರತೆಯ ಶಾಸನವೊಂದು ಬೀಜಿಂಗಿನಿಂದ ನೇರವಾಗಿ ಬಂದಿತು. ಹಾಂಗ್‌ಕಾಂಗಿನ ಶಾಸನಸಭೆಯನ್ನು ಯಾರೂ ಕೇಳಲಿಲ್ಲ. 2021ರಲ್ಲಿ ಚುನಾವಣೆಯ ನಿಯಮಗಳು ಬದಲಾದುವು. ಹಿಂದೆ 70 ಸ್ಥಾನಗಳಲ್ಲಿ ಪ್ರಾದೇಶಿಕ ಕ್ಷೇತ್ರಗಳ ಜನರು ನೇರವಾಗಿ ಆರಿಸುತ್ತಿದ್ದುದು 35. ಈಗ 90ರಲ್ಲಿ 20. ಅಭ್ಯರ್ಥಿಗಳನ್ನು ಮೊದಲೇ ಪರೀಕ್ಷಿಸಿ ಆಯುವ ಏರ್ಪಾಡೂ ಆಯಿತು. ಆ ವರ್ಷದ ಡಿಸೆಂಬರಿನಲ್ಲಿ ಈ ಹೊಸ ನಿಯಮದಂತೆ ನಡೆದ ಚುನಾವಣೆಗೆ ಬಂದ ಮತದಾರರು ಶೇಕಡಾ 30.